ಬ್ಯಾಂಕು ಒಪ್ಪಿದ ಮನೆ

‘ಬ್ಯಾಂಕ್ ಲೋನ್ ಆಗುತ್ತೆ, ಪೇಪರೆಲ್ಲ ಕ್ಲಿಯರ್ ಇದೆ.’ ಬೆಂಗಳೂರಿನಲ್ಲಾಗಲಿ ಮೈಸೂರು, ಹುಬ್ಬಳ್ಳಿಗಳಲ್ಲಾಗಲಿ ಮೊದಲ ಮನೆ ಹುಡುಕಲು ಹೊರಟವರಿಗೆ ಈ ಮಾತು ಕೇಳಿಸದೆ ಇರುವುದಿಲ್ಲ. ಬ್ರೋಕರ್ ಹೇಳುತ್ತಾನೆ, ಬಿಲ್ಡರ್ ಕಚೇರಿಯವರು ಹೇಳುತ್ತಾರೆ, ಆಗಲೇ ಮನೆ ಕೊಂಡಿರುವ ನೆಂಟರೂ ಧೈರ್ಯ ತುಂಬಲು ಇದನ್ನೇ ಹೇಳುತ್ತಾರೆ. ಬ್ಯಾಂಕಿನಂಥ ದೊಡ್ಡ ಸಂಸ್ಥೆ ಐವತ್ತು ಲಕ್ಷ ಕೊಡಲು ಒಪ್ಪಿದೆ ಎಂದರೆ ಮನೆಯ ಹಕ್ಕು ಗಟ್ಟಿಯಾಗಿಯೇ ಇರಬೇಕು, ನಮಗೆ ತೀರಿಸುವ ಶಕ್ತಿಯೂ ಇರಲೇಬೇಕು, ಇಲ್ಲದಿದ್ದರೆ ಅವರು ಕೊಡುತ್ತಿದ್ದರೇ ಎಂದು ಮನಸ್ಸು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತದೆ. ಜೀವಮಾನದ ಅತಿ ದೊಡ್ಡ ಖರೀದಿಯಲ್ಲಿ ನಾವು ಒರಗಿಕೊಳ್ಳುವ ಈ ನಂಬಿಕೆ ತಪ್ಪು ಜಾಗದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಂಕು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾನು ಕೊಟ್ಟ ಹಣ ಬಡ್ಡಿಸಮೇತ ನನಗೆ ವಾಪಸು ಬರುತ್ತದೆಯೇ? ಈ ಮನೆ ನಿಜವಾಗಿ ಇವರದಾಗುತ್ತದೆಯೇ, ಈ ಸಾಲ ಹೊತ್ತು ಇವರ ಸಂಸಾರ ನೆಮ್ಮದಿಯಾಗಿ ನಡೆಯುತ್ತದೆಯೇ ಎಂಬ ಎರಡು ಪ್ರಶ್ನೆಗಳು ಅದರ ಕೆಲಸವಲ್ಲ. ಅವನ್ನು ಕೊಳ್ಳುವವರೇ ಕೇಳಿಕೊಳ್ಳಬೇಕು.

ಹೀಗೆಂದ ಮಾತ್ರಕ್ಕೆ ಗೃಹಸಾಲ ಕೆಟ್ಟದ್ದು ಎಂದೇನೂ ಅರ್ಥವಲ್ಲ. ಒಂದು ಕಾಲಕ್ಕೆ ಸಂಬಳದಾರರು ಸ್ವಂತ ಮನೆ ನೋಡುತ್ತಿದ್ದುದು ನಿವೃತ್ತಿಯ ಹೊತ್ತಿಗೆ. ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ ಕೈಗೆ ಬಂದ ಮೇಲೆ, ಗೃಹನಿರ್ಮಾಣ ಸಹಕಾರ ಸಂಘದ್ದೋ ಬಿಡಿಎಯದ್ದೋ ಸೈಟಿದ್ದರೆ ಅದರಲ್ಲಿ ಗೋಡೆ ಏಳುತ್ತಿತ್ತು. 1977ರಲ್ಲಿ ಎಚ್.ಟಿ. ಪಾರೇಖ್ ಎಚ್‌ಡಿಎಫ್‌ಸಿಯನ್ನು ಆರಂಭಿಸಿದ್ದು, 1987ರಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಬೆಂಗಳೂರಿನಲ್ಲೇ ಕ್ಯಾನ್ ಫಿನ್ ಹೋಮ್ಸ್ ಹುಟ್ಟಿದ್ದು, ಮರುವರ್ಷ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಸ್ಥಾಪನೆಯಾದದ್ದು ಈ ಸ್ಥಿತಿಯನ್ನು ಬದಲಿಸಿದವು. ಮಕ್ಕಳು ಚಿಕ್ಕವರಿರುವಾಗಲೇ ತಮ್ಮದೇ ಸೂರಿನಡಿ ಬದುಕುವುದು ಮಧ್ಯಮ ವರ್ಗಕ್ಕೆ ಸಾಧ್ಯವಾಯಿತು. ಬ್ಯಾಂಕಿನ ಪರಿಶೀಲನೆಯೂ ಬರಿಯ ನಾಟಕವಲ್ಲ. ಬಿ ಖಾತಾ ಆಸ್ತಿ, ಭೂಪರಿವರ್ತನೆಯಾಗದ ಕಂದಾಯ ಭೂಮಿಯ ಸೈಟು, ನಕ್ಷೆ ಮಂಜೂರಾತಿ ಇಲ್ಲದ ಕಟ್ಟಡ ಇವುಗಳಿಗೆ ಬಹುಪಾಲು ಬ್ಯಾಂಕುಗಳು ಬಾಗಿಲಲ್ಲೇ ಬೇಡ ಎನ್ನುತ್ತವೆ. ಹಾಗೆ ಅಂದದ್ದು ಎಷ್ಟೋ ಸಂಸಾರಗಳನ್ನು ಉಳಿಸಿದೆ. ಆದ್ದರಿಂದ ಬ್ಯಾಂಕು ಬೇಡ ಎಂದರೆ ಆ ಮಾತಿಗೆ ಪೂರ್ತಿ ಬೆಲೆ ಕೊಡಬೇಕು. ಬ್ಯಾಂಕು ಸರಿ ಎಂದರೆ ಮಾತ್ರ ಆ ಮಾತಿಗೆ ಅಷ್ಟೇ ಬೆಲೆ ಕೊಡಲು ಬರುವುದಿಲ್ಲ.

ಯಾಕೆಂದರೆ ಬ್ಯಾಂಕಿನ ಹಣಕ್ಕೆ ಇರುವ ರಕ್ಷಣೆಗಳು ನಮ್ಮ ಹಣಕ್ಕೆ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ. 90ರಷ್ಟು, 30ರಿಂದ 75 ಲಕ್ಷದವರೆಗೆ ಶೇ. 80ರಷ್ಟು, ಅದಕ್ಕೂ ಮೇಲಾದರೆ ಶೇ. 75ರಷ್ಟು ಮಾತ್ರ ಕೊಡಬಹುದು. ಉಳಿದದ್ದು ನಮ್ಮ ಕೈಯಿಂದ. ಮನೆಯ ಬೆಲೆ ಕುಸಿದರೆ, ಹಕ್ಕಿನಲ್ಲಿ ದೋಷ ಕಂಡು ಅರ್ಧ ಬೆಲೆಗೆ ಮಾರಬೇಕಾಗಿ ಬಂದರೆ ಮೊದಲು ಕರಗುವುದು ನಮ್ಮ ಪಾಲು. ಅದರ ಮೇಲೆ ಬ್ಯಾಂಕಿಗೆ ನಮ್ಮ ಸಂಬಳವಿದೆ, ಜೊತೆಗೆ ಸಹಿ ಹಾಕಿದ ಹೆಂಡತಿಯದೋ ಗಂಡನದೋ ಸಂಬಳವಿದೆ, 2002ರ ಸರ್ಫೇಸಿ ಕಾಯ್ದೆಯಡಿ ಕೋರ್ಟಿನ ಹಾದಿ ಹಿಡಿಯದೆಯೇ ವಸೂಲಿಗೆ ಇಳಿಯುವ ಅಧಿಕಾರವಿದೆ. ಮನೆಯ ಹಕ್ಕು ಬಿದ್ದುಹೋದರೂ ಸಾಲದ ಕರಾರು ಬೀಳುವುದಿಲ್ಲ. ಕಾಗದಪತ್ರ ನೋಡುವ ವಕೀಲರ ಶುಲ್ಕವನ್ನು ಸಾಮಾನ್ಯವಾಗಿ ನಮ್ಮಿಂದಲೇ ವಸೂಲು ಮಾಡುತ್ತಾರೆ. ಆದರೆ ಅವರ ಅಭಿಪ್ರಾಯಪತ್ರ ಬರೆದಿರುವುದು ಬ್ಯಾಂಕಿನ ಮ್ಯಾನೇಜರಿಗೆ. ಅದರಲ್ಲಿ ತಪ್ಪಿದ್ದರೆ ಆ ವಕೀಲರು ಉತ್ತರ ಹೇಳಬೇಕಾದದ್ದೂ ಬ್ಯಾಂಕಿಗೇ. ಎಷ್ಟೋ ಜನ ಆ ಪತ್ರವನ್ನು ಕಣ್ಣಿನಿಂದಲೂ ನೋಡಿರುವುದಿಲ್ಲ.

ಕರ್ನಾಟಕದಲ್ಲಿ ಭೂಮಿಯ ಹಕ್ಕು ಯಾವ ಯಾವ ಕಡೆಯಿಂದ ಮುರಿಯಬಹುದು ಎಂಬುದನ್ನು ತಿಳಿದರೆ ಇದರ ತೂಕ ಅರ್ಥವಾಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಯಿತೆಂದರೆ ಸರ್ಕಾರವೇ ನಮ್ಮನ್ನು ಮಾಲೀಕರೆಂದು ಒಪ್ಪಿದಂತೆ ಎಂದು ತುಂಬ ಜನ ತಿಳಿದಿದ್ದಾರೆ. 1908ರ ನೋಂದಣಿ ಕಾಯ್ದೆ ಹಾಗೆ ಹೇಳುವುದಿಲ್ಲ. ಅದು ಪತ್ರವನ್ನು ದಾಖಲಿಸುತ್ತದೆ, ಮಾರಿದವನಿಗೆ ಮಾರುವ ಹಕ್ಕಿತ್ತು ಎಂದು ಭರವಸೆ ಕೊಡುವುದಿಲ್ಲ. ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿದರೂ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಕರಾರು, ನಡೆಯುತ್ತಿರುವ ಪಾಲಿನ ದಾವೆ ಅದರಲ್ಲಿ ಕಾಣದೆ ಹೋಗಬಹುದು. 2004ರಿಂದೀಚೆಗಿನ ವಿವರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಲಭವಾಗಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು, ಆ ತಾಪತ್ರಯ ಬೇಡವೆಂದು ಬಿಟ್ಟುಬಿಡುವವರೇ ಹೆಚ್ಚು. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ನೋಡಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ; ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಣ್ಣತಮ್ಮಂದಿರು ಸೇರಿ ಮಾರಿದ ಜಮೀನಿನಲ್ಲಿ ಅಕ್ಕತಂಗಿಯರ ಸಹಿ ಇಲ್ಲದಿದ್ದರೆ ನಾಳೆ ಅವರು ತಮ್ಮ ನ್ಯಾಯವಾದ ಪಾಲು ಕೇಳಿಕೊಂಡು ಬರಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಕಾನೂನು ಮೀರಿ ಪರಭಾರೆ ಮಾಡಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಮಾರಾಟವೇ ಅಸಿಂಧು; 2023ರ ತಿದ್ದುಪಡಿಯ ನಂತರ ಮೂಲ ಮಂಜೂರುದಾರರ ಕಡೆಯವರು ಭೂಮಿ ವಾಪಸು ಕೇಳಲು ಕಾಲಮಿತಿಯೂ ಇಲ್ಲ. ಈ ಕಾನೂನುಗಳೆಲ್ಲ ಬಲಹೀನರನ್ನು ಕಾಯಲು ಬಂದವು, ಇರಬೇಕಾದವು. ಅವುಗಳನ್ನು ತಿಳಿಯದೆ ಕೊಂಡವರ ಕಷ್ಟಕ್ಕೆ ಅವು ಹೊಣೆಯಲ್ಲ.

ಬ್ಯಾಂಕಿನ ವಕೀಲರೂ ಇದನ್ನೆಲ್ಲ ನೋಡುತ್ತಾರಲ್ಲ, ಅದೇ ಕೆಲಸಕ್ಕೆ ಎರಡು ಸಲ ದುಡ್ಡು ಯಾಕೆ ಎಂದು ಕೇಳಬಹುದು. ಸಮರ್ಥ ವಕೀಲರು ನೋಡುತ್ತಾರೆ, ನಿಜ. ಆದರೆ ಅವರು ನೋಡುವುದು ನಾವು ಒದಗಿಸಿದ ಕಡತವನ್ನು, ನಾವು ಅದನ್ನು ಪಡೆದದ್ದು ಮಾರುವವನಿಂದ. ಕಡತದಲ್ಲಿ ಇಲ್ಲದ ಪತ್ರವನ್ನು ಹುಡುಕಿಕೊಂಡು ಹಳ್ಳಿಗೆ ಹೋಗುವ, ಅಕ್ಕಪಕ್ಕದವರನ್ನು ವಿಚಾರಿಸುವ ಹೊಣೆ ಅವರಿಗಿಲ್ಲ. ದೊಡ್ಡ ಅಪಾರ್ಟ್‌ಮೆಂಟ್ ಯೋಜನೆಗಳಲ್ಲಂತೂ ಬ್ಯಾಂಕುಗಳು ಇಡೀ ಯೋಜನೆಗೆ ಒಮ್ಮೆ ಒಪ್ಪಿಗೆ ಕೊಟ್ಟು, ಆಮೇಲೆ ಬರುವವರ ಸಂಬಳವನ್ನು ಮಾತ್ರ ನೋಡುವುದುಂಟು. ನಮ್ಮದೇ ವಕೀಲರಿಗೆ ಕೊಡುವ ಶುಲ್ಕ ಮನೆಯ ಬೆಲೆಯ ಮುಂದೆ ಲೆಕ್ಕಕ್ಕೂ ಬರದಷ್ಟು; ಆ ಖರ್ಚನ್ನು ಉಳಿಸುವುದರಲ್ಲಿ ಯಾವ ಜಾಣತನವೂ ಇಲ್ಲ.

ಕಟ್ಟುತ್ತಿರುವ ಫ್ಲ್ಯಾಟನ್ನು ಕೊಂಡವರ ಪಾಡು ಇದಕ್ಕಿಂತ ಕಠಿಣ. ದೆಹಲಿ ಪಕ್ಕದ ನೋಯ್ಡಾದಲ್ಲಿ ಆಮ್ರಪಾಲಿ ಸಮೂಹದ ಮನೆಗಳಿಗಾಗಿ 40 ಸಾವಿರಕ್ಕೂ ಹೆಚ್ಚು ಕುಟುಂಬಗಳು ಕಾದವು. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ರೇರಾದಡಿಯ ಆ ಸಂಸ್ಥೆಯ ನೋಂದಣಿಯನ್ನೇ ರದ್ದುಪಡಿಸಿ, ಉಳಿದ ಕೆಲಸವನ್ನು ಸರ್ಕಾರಿ ಸ್ವಾಮ್ಯದ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿಗೆ ವಹಿಸಬೇಕಾಯಿತು. ಆ ಮನೆಗಳಿಗೂ ಬ್ಯಾಂಕುಗಳು ಸಾಲ ಕೊಟ್ಟಿದ್ದವು. ಕೀ ಸಿಗುವ ತನಕ ಬಿಲ್ಡರೇ ಬಡ್ಡಿ ಕಟ್ಟುತ್ತಾನೆ ಎಂಬ ಆಮಿಷದ ಯೋಜನೆಗಳಲ್ಲಿ ಬ್ಯಾಂಕುಗಳು ಕಟ್ಟಡ ಏಳುವ ಮೊದಲೇ ಸಾಲದ ದೊಡ್ಡ ಪಾಲನ್ನು ಬಿಲ್ಡರನ ಕೈಗೆ ಕೊಟ್ಟವು. ಬಿಲ್ಡರು ಬಡ್ಡಿ ನಿಲ್ಲಿಸಿದಾಗ ನೋಟಿಸು ಬಂದದ್ದು ಮನೆ ಕಾಣದ ಸಾಲಗಾರರಿಗೆ. ಸಾಲದ ಹಣವನ್ನು ಕಾಮಗಾರಿಯ ಹಂತ ನೋಡಿಕೊಂಡೇ ಬಿಡುಗಡೆ ಮಾಡಿ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು. ಆ ಮಾತು ಪಾಲನೆಯಾಗದ ಕಾರಣಕ್ಕೆ 2025ರಲ್ಲಿ ಸುಪ್ರೀಂ ಕೋರ್ಟ್ ಬಿಲ್ಡರ್ ಮತ್ತು ಬ್ಯಾಂಕುಗಳ ಒಳಒಪ್ಪಂದದ ಬಗ್ಗೆ ಸಿಬಿಐ ತನಿಖೆಗೆ ಆದೇಶಿಸುವ ಸ್ಥಿತಿ ಬಂತು.

ಈಗ ರೇರಾ ಇದೆಯಲ್ಲ ಎನ್ನುವವರಿದ್ದಾರೆ. 2016ರ ಆ ಕಾಯ್ದೆ ಒಳ್ಳೆಯದು. ಅದು ಬರುವ ಮುಂಚೆ ಕೊಳ್ಳುವವರ ಕೈಯಲ್ಲಿ ಇದ್ದ ಬಲ ತೀರ ಕಡಿಮೆ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ, ಕೊಳ್ಳುವವರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಗೇ ಬಳಸಬೇಕು, ತಡವಾದರೆ ಬಡ್ಡಿ ಸಮೇತ ಹಣ ವಾಪಸು ಕೇಳಬಹುದು, ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಿಕೊಡಬೇಕು. ಆದರೆ ಆದೇಶ ಪಡೆಯುವುದು ಬೇರೆ, ಹಣ ಕೈಗೆ ಬರುವುದು ಬೇರೆ. ಕರ್ನಾಟಕದಲ್ಲಿ ರೇರಾ ಆದೇಶದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬೇಕು, ಅದಕ್ಕಾಗಿ ಜಿಲ್ಲಾಧಿಕಾರಿ, ತಹಶೀಲ್ದಾರ್ ಕಚೇರಿಗಳಿಗೆ ಅಲೆಯುತ್ತಿರುವವರು ಬಹಳ ಮಂದಿ. ಅಷ್ಟೂ ತಿಂಗಳು ಬಾಡಿಗೆ ಒಂದು ಕಡೆ, ಬ್ಯಾಂಕಿನ ಕಂತು ಇನ್ನೊಂದು ಕಡೆ. ಹಾಗಾಗಿ ಮೊದಲ ಮನೆ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು: ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ, ಸ್ವಲ್ಪ ಹಳೆಯದಾದರೂ ಚಿಂತೆಯಿಲ್ಲ, ಕಟ್ಟಿ ಮುಗಿದ, ಸ್ವಾಧೀನಾನುಭವ ಪತ್ರ (ಓ.ಸಿ.) ಇರುವ ಮನೆಯನ್ನೇ ನೋಡಿ. ಕಟ್ಟುತ್ತಿರುವ ಫ್ಲ್ಯಾಟಿಗೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿ ಇದೆ. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಅದಿಲ್ಲ. ಓ.ಸಿ. ಎಂಬುದು ಹೆಸರಿಗೊಂದು ಕಾಗದ ಎಂದು ತಳ್ಳಿಹಾಕುವ ಕಾಲವೂ ಹೋಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಓ.ಸಿ. ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿತು. ಅದರ ಬಿಸಿ ಮರುವರ್ಷವೇ ಬೆಂಗಳೂರಿನಲ್ಲಿ ಬೆಸ್ಕಾಂ ಮೀಟರಿಗಾಗಿ ಕಾದವರಿಗೆ ತಟ್ಟಿತು.

ಇನ್ನು ಎರಡನೆಯ ಪ್ರಶ್ನೆ, ಈ ಸಾಲ ಹೊತ್ತು ಸಂಸಾರ ನಡೆಯುತ್ತದೆಯೇ ಎಂಬುದು. ಬ್ಯಾಂಕು ಸಾಮಾನ್ಯವಾಗಿ ಕೈಗೆ ಬರುವ ಸಂಬಳದ ಅರ್ಧದಷ್ಟನ್ನು ಕಂತಿಗೆ ಎಂದು ಹಿಡಿದು, ಅದಕ್ಕೆ ಎಷ್ಟು ಸಾಲ ಕೂರುತ್ತದೋ ಅಷ್ಟನ್ನು ಕೊಡಲು ಸಿದ್ಧವಾಗುತ್ತದೆ. ಗಂಡಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಎರಡನ್ನೂ ಕೂಡಿಸುತ್ತದೆ. ಒಂದು ಮಾದರಿ ಲೆಕ್ಕ ನೋಡೋಣ. 62.5 ಲಕ್ಷದ ಫ್ಲ್ಯಾಟು, 50 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ. ತಿಂಗಳ ಕಂತು 43,391 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 35,417 ರೂಪಾಯಿ ಬಡ್ಡಿಗೆ, ಅಸಲಿಗೆ ಎಂಟು ಸಾವಿರವೂ ಇಲ್ಲ. ಐದು ವರ್ಷ ಒಂದು ಕಂತೂ ತಪ್ಪದಂತೆ 26 ಲಕ್ಷ ಕಟ್ಟಿದ ಮೇಲೆ ಸಾಲ ಇಳಿದಿರುವುದು ಸುಮಾರು 5.94 ಲಕ್ಷ, ಇನ್ನೂ 44 ಲಕ್ಷ ಬಾಕಿ. ಅಸಲಿನ ಅರ್ಧ ತೀರುವುದಕ್ಕೆ 13 ವರ್ಷ 10 ತಿಂಗಳು ಬೇಕು. ಕಂತು ಹೆಚ್ಚಾಯಿತು ಎಂದರೆ ಬ್ಯಾಂಕಿನವರು ಅವಧಿಯನ್ನು 30 ವರ್ಷಕ್ಕೆ ಎಳೆಯುತ್ತಾರೆ. ಆಗ ಕಂತು 38,446ಕ್ಕೆ ಇಳಿಯುತ್ತದೆ. ತಿಂಗಳಿಗೆ ಐದು ಸಾವಿರ ಉಳಿಯಿತೆಂದು ಹಗುರವಾಗುತ್ತೇವೆ, ಆದರೆ ಒಟ್ಟು ಬಡ್ಡಿ 54 ಲಕ್ಷದಿಂದ 88 ಲಕ್ಷಕ್ಕೆ ಏರಿರುತ್ತದೆ. ಚದರಡಿಗೆ ನೂರು ರೂಪಾಯಿ ಇಳಿಸಲು ಬಿಲ್ಡರನ ಜೊತೆ ವಾರಗಟ್ಟಲೆ ಚೌಕಾಸಿ ಮಾಡುವವರು ಅವಧಿಯ ಅಂಕಣದಲ್ಲಿ 20ರ ಬದಲು 30 ಎಂದು ಬರೆಯುವಾಗ ಒಂದು ನಿಮಿಷವೂ ಯೋಚಿಸುವುದಿಲ್ಲ ಎಂಬುದು ನನಗೆ ತುಂಬ ನೋವಿನ ಸಂಗತಿ. ಮನೆಯ ನಿಜವಾದ ಬೆಲೆ ಅಡಗಿರುವುದು ಆ ಅಂಕಣದಲ್ಲಿ.

ಬಡ್ಡಿದರ ನಿಂತಲ್ಲಿ ನಿಲ್ಲುವುದೂ ಇಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಬದಲಾಗುವ ದರದ ಗೃಹಸಾಲಗಳನ್ನು ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಲಾಗಿದೆ. ರೆಪೊ ದರ 2022ರ ಮೇ ತಿಂಗಳವರೆಗೆ ಶೇ. 4 ಇತ್ತು, 2023ರ ಫೆಬ್ರುವರಿ ಹೊತ್ತಿಗೆ ಶೇ. 6.5 ಆಯಿತು. ಶೇ. 6.5ರ ಬಡ್ಡಿಯಲ್ಲಿ 20 ವರ್ಷಕ್ಕೆ 50 ಲಕ್ಷ ಪಡೆದವರ ಕಂತು 37,279 ರೂಪಾಯಿ. ಬಡ್ಡಿ ಶೇ. 9 ಆದಾಗ 50 ಲಕ್ಷಕ್ಕೆ ತಿಂಗಳ ಬಡ್ಡಿಯೇ 37,500. ಅಂದರೆ ಸಾಲ ಪಡೆದ ಹೊಸತರಲ್ಲೇ ದರ ಏರಿದವರ ಕಂತು ಬಡ್ಡಿಗೇ ಸಾಲದು, ಅಸಲಿನ ಮಾತಂತೂ ದೂರ. ಕಂತು ಏರಿಸದೆ ಅವಧಿಯನ್ನು ಸದ್ದಿಲ್ಲದೆ ಬೆಳೆಸಿದ್ದರಿಂದ ಎಷ್ಟೋ ಜನರ ಸಾಲ ನಿವೃತ್ತಿಯ ವಯಸ್ಸನ್ನು ದಾಟಿ ಹೋಯಿತು. ಈ ಅನ್ಯಾಯ ಕಂಡೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು, ಸಾಲ ಬೆಳೆಯುತ್ತಾ ಹೋಗುವಂತೆ ಅವಧಿ ಎಳೆಯಬಾರದು ಎಂದು ಆದೇಶಿಸಿತು. ಆದೇಶವಿದೆ, ಆಯ್ಕೆ ನಮ್ಮದೆಂದು ಬ್ಯಾಂಕಿಗೆ ಹೋಗಿ ಕೇಳುವವರು ಬೇಕು. 2025ರಲ್ಲಿ ದರ ಮತ್ತೆ ಇಳಿದಾಗ ಕಂತನ್ನು ಹಾಗೇ ಉಳಿಸಿಕೊಂಡು ಅವಧಿ ಕಡಿಮೆ ಮಾಡಿಸಿಕೊಂಡವರು ಬುದ್ಧಿವಂತರು.

ಈ ಎಚ್ಚರಿಕೆಗೆ ಬರುವ ಅತಿ ಬಲವಾದ ಆಕ್ಷೇಪ ಬಾಡಿಗೆಯದು. ಬಾಡಿಗೆ ಎಂದರೆ ನೀರಿಗೆ ಹಾಕಿದ ಹಣ, ಕಂತು ಕಟ್ಟಿದರೆ ಮನೆಯಾದರೂ ಉಳಿಯುತ್ತದೆ ಎನ್ನುತ್ತಾರೆ. ಬಾಡಿಗೆಮನೆಯ ಸಂಕಟ ಸಣ್ಣದಲ್ಲ. ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳಿಗೊಮ್ಮೆ ಏರುವ ಬಾಡಿಗೆ, ಮಾಲೀಕರ ಮಗಳ ಮದುವೆಯಾಯಿತೆಂದು ಶಾಲೆಯ ವರ್ಷದ ನಡುವೆ ಖಾಲಿ ಮಾಡಬೇಕಾದ ಪಾಡು, ಜಾತಿ ಕೇಳಿ, ಊಟ ಕೇಳಿ ಮನೆ ಇಲ್ಲ ಎನಿಸಿಕೊಳ್ಳುವ ಅವಮಾನ. ಇದರಿಂದ ಬಿಡುಗಡೆ ಬಯಸುವುದು ಮನುಷ್ಯ ಸಹಜ, ಗೌರವಿಸಬೇಕಾದ ಆಸೆ. ಆದರೆ ಹಣದ ಲೆಕ್ಕ ಬೇರೆ ಕಥೆ ಹೇಳುತ್ತದೆ. 62.5 ಲಕ್ಷದ ಫ್ಲ್ಯಾಟು ತಿಂಗಳಿಗೆ 20 ಸಾವಿರಕ್ಕೆ ಬಾಡಿಗೆಗೆ ಸಿಗುತ್ತದೆ ಎಂದುಕೊಂಡರೆ ಐದು ವರ್ಷದ ಬಾಡಿಗೆ 12 ಲಕ್ಷ, ಬಾಡಿಗೆ ಏರಿದರೆ ಇನ್ನೂ ಸ್ವಲ್ಪ. ಅದೇ ಐದು ವರ್ಷದಲ್ಲಿ ಸಾಲದ ಬಡ್ಡಿಯೇ 20 ಲಕ್ಷ. ಬಾಡಿಗೆ ವಾಪಸು ಬರುವುದಿಲ್ಲ ಎಂದಾದರೆ ಬಡ್ಡಿಯೂ ಬರುವುದಿಲ್ಲ. ಮನೆಯ ಬೆಲೆ ಏರುತ್ತದೆಯಲ್ಲ ಎಂದರೆ, ಏರಬಹುದು, ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಏರಿದೆ ಕೂಡ. ಆ ಲಾಭ ಸಿಗುವುದು ಕೆಲಸ ಹೋದಾಗಲೂ ಮನೆಯನ್ನು ಉಳಿಸಿಕೊಳ್ಳಬಲ್ಲವರಿಗೆ. ಕಂತು ಕಟ್ಟಲಾಗದೆ ಅವಸರದಲ್ಲಿ ಮಾರುವವರಿಗೆ ಆ ಏರಿಕೆ ದಕ್ಕುವುದಿಲ್ಲ. ತೆರಿಗೆ ಉಳಿಯುತ್ತದೆ ಎಂಬ ವಾದವಂತೂ ಈಗ ಬಹುಮಟ್ಟಿಗೆ ಸತ್ತಿದೆ. ತಾವೇ ವಾಸಿಸುವ ಮನೆಯ ಬಡ್ಡಿಗೆ ಸಿಗುತ್ತಿದ್ದ 2 ಲಕ್ಷದ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲ.

ಸಂಬಳ ಏರುತ್ತದೆ, ಕಂತು ಹಾಗೇ ಇರುತ್ತದೆ, ಕೆಲವು ವರ್ಷದಲ್ಲಿ ಭಾರವೇ ಗೊತ್ತಾಗುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಸಂಬಳ ಏರುವ ವರ್ಷಗಳಲ್ಲೇ ಮಕ್ಕಳ ಶಾಲೆ ಶುಲ್ಕ, ತಂದೆತಾಯಿಯ ಔಷಧಿ, ಒಬ್ಬರು ಕೆಲಸ ಬಿಟ್ಟು ಮಗುವನ್ನು ನೋಡಿಕೊಳ್ಳಬೇಕಾದ ಸಂದರ್ಭ ಎಲ್ಲವೂ ಬರುತ್ತವೆ. ಬ್ಯಾಂಕಿನ ಅರ್ಜಿಯಲ್ಲಿ ಇವುಗಳಿಗೆ ಜಾಗವಿಲ್ಲ, ನಮ್ಮ ಲೆಕ್ಕದಲ್ಲಿ ಇರಲೇಬೇಕು. ಇಬ್ಬರ ಸಂಬಳ ಕೂಡಿಸಿ ಬ್ಯಾಂಕು ಎಷ್ಟು ಕೊಡುತ್ತದೆ ಎಂದು ಕೇಳುವ ಬದಲು, ಒಬ್ಬರ ಸಂಬಳದಲ್ಲೇ ಕಂತೂ ಕಟ್ಟಿ ಊಟವೂ ನಡೆಯುವಂತಿರಬೇಕಾದರೆ ಎಷ್ಟು ಸಾಲ ಎಂದು ಕೇಳಿಕೊಳ್ಳುವುದು ಸರಿಯಾದ ಅಳತೆ. ಸಂಬಳ ಏರಿದಾಗ ಆ ಹಣ ಸಾಲಕ್ಕೆ ಹೋಗಲಿ. ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು 2012ರಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿದರೂ ಮೇಲಿನ ಲೆಕ್ಕದ 20 ವರ್ಷದ ಸಾಲ ಮೂರು ವರ್ಷಕ್ಕಿಂತ ಹೆಚ್ಚು ಮುಂಚಿತವಾಗಿ ಮುಗಿಯುತ್ತದೆ.

ಇಷ್ಟೆಲ್ಲ ನೋಡುತ್ತ ಕೂತರೆ ಬೆಂಗಳೂರಿನಲ್ಲಿ ಯಾರೂ ಮನೆ ಕೊಳ್ಳಲಾಗದು ಎಂದು ಕೆಲವರು ಬೇಸರಪಡಬಹುದು. ಕೊಳ್ಳಬಹುದು, ಆದರೆ ಮೂರು ಕೋಣೆಯ ಬದಲು ಎರಡು ಕೋಣೆ, ಹೊಸದರ ಬದಲು ಹತ್ತು ವರ್ಷ ಹಳೆಯದು, ಈ ವರ್ಷದ ಬದಲು ಇನ್ನೆರಡು ವರ್ಷ ಕೂಡಿಟ್ಟ ಮೇಲೆ. ಯಾಕೆಂದರೆ ಕೈಯಿಂದ ಹಾಕಬೇಕಾದ ಹಣ ನಾವು ಅಂದುಕೊಂಡದ್ದಕ್ಕಿಂತ ಯಾವಾಗಲೂ ಹೆಚ್ಚು. 62.5 ಲಕ್ಷದ ಮನೆಗೆ ನಮ್ಮ ಪಾಲು 12.5 ಲಕ್ಷ. ಅದರ ಮೇಲೆ ಮುದ್ರಾಂಕ ಶುಲ್ಕ ಶೇ. 5, ನಗರದಲ್ಲಿ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6, 2025ರ ಆಗಸ್ಟ್ ಕೊನೆಯಿಂದ ದುಪ್ಪಟ್ಟಾದ ನೋಂದಣಿ ಶುಲ್ಕ ಶೇ. 2. ಒಟ್ಟು 4.75 ಲಕ್ಷ, ಇದಕ್ಕೆ ಗೃಹಸಾಲದ ಲೆಕ್ಕದಲ್ಲಿ ಹಣ ಬರುವುದಿಲ್ಲ. ಬಣ್ಣ, ಕಪಾಟು, ಗ್ರಿಲ್ಲು, ಗೃಹಪ್ರವೇಶದ ಊಟ ಬೇರೆ. ಈ ಕೊರತೆಯನ್ನು ಪರ್ಸನಲ್ ಲೋನ್ ತೆಗೆದು ತುಂಬಿಸುವವರು ಮೊದಲ ವರ್ಷದಲ್ಲೇ ಉಸಿರುಗಟ್ಟುತ್ತಾರೆ. ಆರು ತಿಂಗಳ ಕಂತಿನಷ್ಟು ಹಣ ಬೇರೆಯಾಗಿ ಇಲ್ಲದಿದ್ದರೆ ಕೊಳ್ಳುವ ಕಾಲ ಬಂದಿಲ್ಲ ಎಂದೇ ನನ್ನ ತೀರ್ಮಾನ.

ಮೊದಲ ಮನೆಯ ಹೊಸ್ತಿಲಲ್ಲಿ ನಿಂತಿರುವ ಓದುಗರೇ, ಮುಂಗಡ ಕೊಡುವ ಮುಂಚೆ ಮಾರುವವರಿಂದ ಪೂರ್ತಿ ಕಡತದ ನಕಲು ಕೇಳಿ, ಬ್ಯಾಂಕಿಗಿಂತ ಮೊದಲು ನಿಮ್ಮದೇ ವಕೀಲರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಬ್ಯಾಂಕಿನ ವಕೀಲರ ವರದಿಯ ಪ್ರತಿಯನ್ನೂ ಕೇಳಿ. ಸಾಲದ ನಿಜವಾದ ಖರ್ಚನ್ನೆಲ್ಲ ಒಂದೆಡೆ ಬರೆದ ಮುಖ್ಯಾಂಶ ಪತ್ರವನ್ನು ಕೊಡುವುದು 2024ರ ಅಕ್ಟೋಬರಿನಿಂದ ಕಡ್ಡಾಯ. ಅದನ್ನು ಮನೆಗೆ ತಂದು ಇಬ್ಬರೂ ಕೂತು ಓದಿ. ಮೂಲಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸುವಾಗ ಒಂದೊಂದು ಪತ್ರದ ಹೆಸರೂ ಇರುವ ಪಟ್ಟಿಗೆ ಮ್ಯಾನೇಜರ ಸಹಿ, ಮೊಹರು ಹಾಕಿಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಆ ಪತ್ರಗಳನ್ನು ಬ್ಯಾಂಕು ವಾಪಸು ಕೊಡಬೇಕು. ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು.